ಹತ್ತು ಗಂಟೆಯ ಹೆಜ್ಜೆಗಳು

ಮೇಸ್ತ್ರಿ ನಮ್ಮಲ್ಲಿಗೆ ಬಂದ ದಿನ ಮಂಚದಿಂದ ಜಗಲಿಯ ಕಂಬದ ಕಡೆಗೆ ಇಪ್ಪತ್ತೆರಡು ಹೆಜ್ಜೆ ನಡೆದರು. ಎಣಿಸಿದವನು ನಾನು. ಬರೆದವನೂ ನಾನು. ಆ ಪುಸ್ತಕ ಈಗ ಎಲ್ಲಿದೆಯೋ ಗೊತ್ತಿಲ್ಲ. ಆದರೆ ಅದರಲ್ಲಿ ಅವರ ಹೆಸರಿನ ಮುಂದೆ ಬರೆದ ಒಂದೊಂದು ಅಂಕಿಯೂ ನನಗೆ ಬಾಯಿಪಾಠ. ಮರೆಯೋಣ ಅಂದರೂ ಹೋಗುವುದಿಲ್ಲ.

ಎಂಬತ್ತರ ದಶಕದ ಮಾತು. ಕೆಂಗೇರಿ ದಾಟಿ ಮೈಸೂರು ರಸ್ತೆಯಿಂದ ಒಳಗೆ ಸರಿದರೆ ಒಂದು ಹಳೇ ಹೆಂಚಿನ ಕಟ್ಟಡ ಇತ್ತು. ಯಾರೋ ಪುಣ್ಯಾತ್ಮರು ಬಿಟ್ಟುಕೊಟ್ಟ ತೋಟದ ಮನೆ. ಅಲ್ಲಿ ಹತ್ತು ಮಂಚ. ದೊಡ್ಡಾಸ್ಪತ್ರೆಯವರು ಇನ್ನು ನಮ್ಮ ಕೈಲಿ ಏನೂ ಇಲ್ಲ ಅಂತ ಕಳಿಸಿದವರನ್ನು, ಮನೆಯಲ್ಲಿ ಇಟ್ಟುಕೊಳ್ಳಲಾಗದ ಜನ ಇಲ್ಲಿಗೆ ತರುತ್ತಿದ್ದರು. ನೋವು ಇಳಿಸುವುದು, ಮೈ ಒರೆಸುವುದು, ಬೆನ್ನು ಹುಣ್ಣಾಗದ ಹಾಗೆ ಮಗ್ಗುಲು ತಿರುಗಿಸುವುದು, ಇಷ್ಟೇ ನಮ್ಮ ಕೆಲಸ. ಸಿಸ್ಟರ್ ಮೊದಲನೇ ದಿನವೇ ನನಗೆ ಹೇಳಿದ್ದರು: "ಇಲ್ಲಿ ಯಾರಿಗೂ ವಾಸಿ ಆಗುತ್ತೆ ಅಂತ ಹೇಳ್ಬೇಡಿ. ಸುಳ್ಳು ಹೇಳೋದಕ್ಕೆ ಅವರ ನೆಂಟರು ಇದ್ದಾರೆ."

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಹದಿನಾಲ್ಕು ವರ್ಷ ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಬ್ಬಿಣ ಕಡೆಯುವ ಲೇತ್ ಮುಂದೆ ನಿಂತಿದ್ದೆ. ಡಿಪ್ಲೊಮಾ ಓದಿ ಬಂದ ಹುಡುಗರು ಕೈಯಲ್ಲಿ ಮೈಕ್ರೋಮೀಟರ್ ಹಿಡಿದುಕೊಂಡು "ಅಣ್ಣ, ಇದೊಂದು ಸಲ ನೋಡಿ" ಅಂತ ನನ್ನ ಹತ್ತಿರ ಬರುತ್ತಿದ್ದರು. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಬೇರೆ ಕಡೆ ಕೆಲಸ ಹುಟ್ಟಲಿಲ್ಲ, ಇಲ್ಲಿ ವಾರ್ಡಿನ ಕೆಲಸಕ್ಕೆ ಸೇರಿದೆ. ಗಂಡಸಾಗಿ ಮೈ ಒರೆಸೋ ಕೆಲಸಕ್ಕೆ ಹೋಗ್ತಾನೆ ಅಂತ ವಿಜಯನಗರದ ನಮ್ಮ ಬೀದಿಯಲ್ಲಿ ಆಡಿಕೊಂಡರು. ಆಡಿಕೊಳ್ಳಲಿ. ಬೆಳಗ್ಗೆ ಆರೂವರೆಗೆ ಸೈಕಲ್ ತುಳಿದುಕೊಂಡು ಹೋಗಿ ಹಾಜರ್. ಮಳೆ ಅಂತ ಒಂದು ದಿನ ತಪ್ಪಿಸಿಲ್ಲ, ವೃಷಭಾವತಿಯ ವಾಸನೆಗೆ ಮೂಗು ಮುಚ್ಚಿಕೊಂಡು ಸೈಕಲ್ ಇಳಿದಿಲ್ಲ.

ಸೇರಿ ಎರಡು ತಿಂಗಳಾದ ಮೇಲೆ ಸಿಸ್ಟರ್ ನನ್ನನ್ನು ಕರೆದು ಒಂದು ಉದ್ದನೆಯ ನೋಟ್‌ಬುಕ್ ಕೊಟ್ಟರು. ಮಂಗಳೂರು ಕಡೆಯವರು, ಮಾತು ಕಮ್ಮಿ. ಸ್ಕೇಲ್ ಇಟ್ಟು ಐದು ಕಾಲಂ ಎಳೆದಿದ್ದರು: ನಡಿಗೆ, ಸ್ನಾನ, ಊಟ, ಮಾತು, ಎಚ್ಚರ. "ಡಾಕ್ಟರು ಬರೋದು ಬುಧವಾರ, ಶನಿವಾರ. ಉಳಿದ ದಿನ ಅವರ ಕಣ್ಣು ಈ ಪುಸ್ತಕ. ಹೇಗಿದ್ದಾರೆ ಅಂದ್ರೆ ಚೆನ್ನಾಗಿದ್ದಾರೆ, ಸುಮಾರಾಗಿದ್ದಾರೆ ಅಂತ ಬರೀಬೇಡಿ. ನಿನ್ನೆ ತಾನೇ ಮಾಡ್ತಿದ್ದ ಕೆಲಸ ಇವತ್ತು ಮಾಡ್ತಾರಾ ಇಲ್ವಾ, ಅಷ್ಟೇ ಬರೀರಿ."

ಅಳತೆ ಅಂದರೆ ನನಗೆ ಹೇಳಿಕೊಡಬೇಕಾಗಿರಲಿಲ್ಲ. ಕೆಂಪು ಸಿಮೆಂಟಿನ ನೆಲದ ಮೇಲೆ ಪ್ರತಿ ಮಂಚದಿಂದ ಬಾಗಿಲಿನವರೆಗೆ ಸೀಮೆಸುಣ್ಣದಲ್ಲಿ ಗೀಟು ಹಾಕಿದೆ. ಊಟಕ್ಕೆ ತೂಕದ ಬದಲು ತುತ್ತು ಎಣಿಸಿದೆ. ಸ್ನಾನದ ಕಾಲಂಗೆ ನಾಲ್ಕೇ ಮಾತು ಇಟ್ಟುಕೊಂಡೆ: ತಾನೇ, ಒಬ್ಬರು ಹಿಡಿದರೆ, ಇಬ್ಬರು ಹಿಡಿದರೆ, ಮಂಚದಲ್ಲೇ. ಕಾರ್ಖಾನೆಯಲ್ಲಿ ಕಲಿತ ಹಾಗೆ, ದಿನಾ ಒಂದೇ ಹೊತ್ತಿಗೆ ಅಳೆಯುವುದು. ಒಂಬತ್ತಕ್ಕೆ ನೋವಿನ ಔಷಧಿ, ಕಾಫಿ. ಹತ್ತು ಗಂಟೆಗೆ ನಾನು ಪುಸ್ತಕ ಹಿಡಿದು ಒಂದನೇ ಮಂಚದ ಮುಂದೆ. ಮೂರನೇ ವಾರಕ್ಕೆ ಡಾಕ್ಟರು ಪುಸ್ತಕ ತಿರುವಿ ಹಾಕಿ ಸಿಸ್ಟರನ್ನು ಕೇಳಿದರು, "ಇದನ್ನ ಯಾರು ಬರೆಯೋದು? ನಮ್ಮ ಹೌಸ್ ಸರ್ಜನ್‌ಗಳು ಹೀಗೆ ಬರೆಯಲ್ಲ." ಅವತ್ತು ಮನೆಗೆ ಹೋದವನು ಹೆಂಡತಿಗೆ ಈ ಮಾತನ್ನು ಎರಡು ಸಲ ಹೇಳಿದೆ.

ಆರು ತಿಂಗಳು ಬರೆದ ಮೇಲೆ ಪುಸ್ತಕ ನನಗೇ ಒಂದು ಥರ ಭಯ ಹುಟ್ಟಿಸಲು ಶುರುವಾಯಿತು. ಸಾಲುಗಳು ಒಂದೇ ಕಡೆ ಇಳಿಯುತ್ತವೆ. "ತಾನೇ" ಅನ್ನುವುದು "ಒಬ್ಬರು" ಆಗುತ್ತದೆ, "ಒಬ್ಬರು" ಇದ್ದದ್ದು "ಇಬ್ಬರು". ವಾಪಸ್ ಮೇಲೆ ಹತ್ತಿದ್ದು ನಾನು ಕಂಡಿಲ್ಲ. ಎರಡನೇ ಮಂಚದ ಟೀಚರಮ್ಮ ಮೊದಲು ಬಳೆ ಹಾಕಿಕೊಳ್ಳುವುದು ಬಿಟ್ಟರು. ಆಮೇಲೆ ಕನ್ನಡಕ. ಆಮೇಲೆ ನಾನು ಬಂದರೆ ಗೋಡೆ ಕಡೆ ತಿರುಗಿದರು. ಅದನ್ನೆಲ್ಲ ಬರೆದೆ. ಗೋಡೆ ಕಡೆ ತಿರುಗಿದ ಐದನೇ ದಿನ ಮಂಚ ಖಾಲಿ. ಬರೆಯುವಾಗಲೇ ನನಗೆ ಗೊತ್ತಾಗುತ್ತಿತ್ತು, ಇವರ ಸಾಲು ಈ ಪುಟ ದಾಟುವುದಿಲ್ಲ ಅಂತ. ರೋಗಿಗಳಿಗೂ ಗೊತ್ತಾಗುತ್ತಿತ್ತು. ಪುಸ್ತಕ ಒಳಗೆ ಬಂದ ಕೂಡಲೇ ವಾರ್ಡಿನಲ್ಲಿ ಮಾತು ನಿಲ್ಲುತ್ತಿತ್ತು. ಕೆಮ್ಮುವವರು ಕೂಡ ಕೆಮ್ಮು ತಡೆದುಕೊಳ್ಳುತ್ತಿದ್ದರು.

ಮಾತು ನಿಲ್ಲಿಸದೆ ಇದ್ದವರು ಮೇಸ್ತ್ರಿ ಒಬ್ಬರೇ. "ಬಂದ ನೋಡ್ರಪ್ಪ, ಮೀಟರ್ ಓದೋನು," ಅನ್ನುತ್ತಿದ್ದರು. "ಏನಪ್ಪಾ, ಎಷ್ಟು ಯೂನಿಟ್ ಉಳ್ದಿದೆ ನಂದು? ಫ್ಯೂಸ್ ಕೀಳೋಕೆ ಯಾವತ್ತು ಬರ್ತಾರೆ?"

ಗಾರೆ ಮೇಸ್ತ್ರಿ. ಐವತ್ತೆಂಟರ ಆಸುಪಾಸು. ವಿಜಯನಗರ, ಬಸವೇಶ್ವರನಗರದಲ್ಲಿ ಅವರು ಕಟ್ಟಿದ ಮನೆಗಳನ್ನು ಮಲಗಿದಲ್ಲಿಂದಲೇ ಕ್ರಾಸ್ ಸಮೇತ ಹೇಳುತ್ತಿದ್ದರು. ಹೊಟ್ಟೆಯೊಳಗೆ ಗಡ್ಡೆ. ತೆಗೆಯಲು ಆಗುವಂಥದ್ದಲ್ಲ. ಅತ್ತಿಗುಪ್ಪೆಯಲ್ಲಿ ಎರಡು ರೂಮಿನ ಸ್ವಂತ ಮನೆ, ಕೈಯಾರೆ ಕಟ್ಟಿಕೊಂಡದ್ದು. ನೋವು ಹಿಡಿತಕ್ಕೆ ಬಂದ ಮೇಲೆ ಅಲ್ಲಿಗೇ ವಾಪಸ್ ಹೋಗಿ ಅಲ್ಲೇ ಕಣ್ಣು ಮುಚ್ಚಬೇಕು ಅನ್ನುವುದು ಅವರ ಲೆಕ್ಕ. ಅದಕ್ಕೆ ಒಂದು ಷರತ್ತು.

"ನಡ್ಕೊಂಡೇ ಒಳಗೆ ಹೋಗ್ಬೇಕು ನಾನು," ಅಂದರು ಒಂದು ದಿನ, ಕಂಬಕ್ಕೆ ಒರಗಿ ಉಸಿರು ಬಿಡುತ್ತಾ. "ಆ ಹೊಸ್ತಿಲು ಕೂರಿಸಿದ್ದು ಈ ಕೈ. ಹೊತ್ಕೊಂಡು ಹೋದ್ರೆ ಎದುರು ಮನೆಯೋರು ಹೆಣ ಬಂತು ಅಂತ ಬಾಗಿಲು ಹಾಕ್ಕೋತಾರೆ. ಗಾಡಿ ನಿಲ್ಲೋ ಜಾಗದಿಂದ ಹೊಸ್ತಿಲಿಗೆ ಎಂಟು ಹೆಜ್ಜೆ. ಎಂಟು ಇದ್ರೆ ಸಾಕು. ಎಂಟಕ್ಕಿಂತ ಕಮ್ಮಿ ಬಂದ್ರೆ ನನ್ನ ಇಲ್ಲೇ ಬಿಟ್ಬಿಡಿ."

"ಹಂಗಾದ್ರೆ ಈಗಲೇ ಹೋಗ್ಬೋದಲ್ಲ ಮೇಸ್ತ್ರಿ? ಹದಿನೆಂಟು ಇದೆ."

"ಮನೇಲಿ ಬಾಣಂತಿ ಇದ್ದಾಳೆ ಕಣಪ್ಪ."

ಮಗಳ ಚೊಚ್ಚಲ ಹೆರಿಗೆ. ಒಂದು ರೂಮಿನಲ್ಲಿ ಬಾಣಂತಿ, ಮಗು, ಸಾಂಬ್ರಾಣಿ ಹೊಗೆ. ಇನ್ನೊಂದರಲ್ಲಿ ಸಾಯುವ ಮನುಷ್ಯನನ್ನು ಮಲಗಿಸುವುದಕ್ಕೆ ಹೆಂಡತಿಯ ಮನಸ್ಸು ಒಪ್ಪಲಿಲ್ಲ. ಹಸುಗೂಸಿಗೆ ಗಾಳಿ ತಾಗುತ್ತೆ, ಸೂತಕ ಬಂದರೆ ಬೀಗರು ಮೂಗು ಮುರಿಯುತ್ತಾರೆ. ಆಷಾಢ ಹುಟ್ಟುವುದಕ್ಕೆ ಮುಂಚೆ ಬರುವ ಗುರುವಾರ ಬೀಗರು ಮಗಳನ್ನೂ ಮಗುವನ್ನೂ ಕರೆದುಕೊಂಡು ಹೋಗುವುದು ಅಂತ ಗೊತ್ತಾಗಿತ್ತು. ಅವರು ಹೊರಟ ಮೇಲೆ ಅವತ್ತೇ ಮೇಸ್ತ್ರಿಯನ್ನು ಕರೆತರುವುದು. ಮೇಸ್ತ್ರಿ ಇದಕ್ಕೆ ಒಪ್ಪಿದ್ದರು. ಅಂದರೆ ಆ ಗುರುವಾರದವರೆಗೆ ಅವರ ಕಾಲಲ್ಲಿ ಎಂಟು ಹೆಜ್ಜೆ ಉಳಿದಿರಬೇಕು. ಉಳಿಯುತ್ತದೆಯೋ ಇಲ್ಲವೋ ಅನ್ನುವುದನ್ನು ಹೇಳಬೇಕಾದದ್ದು ನನ್ನ ಪುಸ್ತಕ.

ಅಲ್ಲಿಂದ ನಾನು ಅವರ ಸಾಲನ್ನು ಬೇರೆಯವರ ಸಾಲಿಗಿಂತ ಬಿಗಿಯಾಗಿ ಹಿಡಿದೆ. ಹೆಜ್ಜೆ ಪೂರ್ತಿ ಊರದಿದ್ದರೆ ಲೆಕ್ಕಕ್ಕೆ ಸೇರಿಸುತ್ತಿರಲಿಲ್ಲ. ಗೋಡೆ ಮುಟ್ಟಿದರೆ ಅಲ್ಲಿಗೆ ನಿಲ್ಲಿಸುತ್ತಿದ್ದೆ. ಒಂದು ದಿನ ಹದಿನೇಳನೆಯದನ್ನು ಎಣಿಸಲಿಲ್ಲ ಅಂತ ಮೇಸ್ತ್ರಿ ಜಗಳಕ್ಕೇ ಬಂದರು.

"ಏನಯ್ಯ, ಇಟ್ಟೆನಲ್ಲ ಕಾಲು?"

"ಹಿಮ್ಮಡಿ ಊರ್ಲಿಲ್ಲ ಮೇಸ್ತ್ರಿ."

"ಹಿಮ್ಮಡಿ ಬೇರೆ ನೋಡ್ತಾನೆ ಇವನು. ನಿನ್ನ ನನ್ನ ಸೈಟಲ್ಲಿ ಇಟ್ಕೊಂಡಿದ್ರೆ ಒಂದು ಗೋಡೆ ಏಳ್ತಿರ್ಲಿಲ್ಲ, ನೀನು ಬರೀ ರಸಮಟ್ಟ ಹಿಡ್ಕೊಂಡು ಕೂತಿರ್ತಿದ್ದೆ." ಹಾಗೆ ಅಂದರೂ ಅವರ ಕಣ್ಣಲ್ಲಿ ನನ್ನ ಬಗ್ಗೆ ಒಂದು ಮರ್ಯಾದೆ ಇತ್ತು. ಕೆಲಸ ತಿಳಿದವನಿಗೆ ಕೆಲಸ ತಿಳಿದವನು ಕೊಡುವಂಥದ್ದು.

ಹದಿನಾರು, ಹದಿನಾರು, ಹದಿನೈದು, ಹದಿನೈದು, ಹದಿನಾಲ್ಕು. ಎರಡು ದಿನಕ್ಕೆ ಒಂದು ಹೆಜ್ಜೆ ಇಳಿಯುತ್ತಿತ್ತು, ನೂಲು ಹಿಡಿದ ಹಾಗೆ. ಇಷ್ಟು ಸಮನಾಗಿ ಇಳಿದ ಸಾಲನ್ನು ನಾನು ಆ ಪುಸ್ತಕದಲ್ಲಿ ಬೇರೆ ಕಂಡಿರಲಿಲ್ಲ. ಅದನ್ನು ನೋಡಿ ನನಗೆ ಅನುಮಾನ ಬರಬೇಕಾಗಿತ್ತು. ಬಂದದ್ದು ಸಂತೋಷ.

ಮಧ್ಯಾಹ್ನದ ಪಾಳಿಗೆ ಒಬ್ಬ ಆಯಾ ಬರುತ್ತಿದ್ದಳು. ಕೆಂಗೇರಿ ಹಳ್ಳಿಯವಳು, ನನಗಿಂತ ಹತ್ತು ವರ್ಷ ದೊಡ್ಡವಳು. ಹೆಬ್ಬೆಟ್ಟು ಒತ್ತಿ ಸಂಬಳ ತಗೊಳ್ಳುವವಳು. ಒಂದು ಗಂಟೆಗೆ ನಾನು ಸೈಕಲ್ ಬಿಡಿಸುವಾಗ ಅವಳು ಸೆರಗು ಸಿಕ್ಕಿಸಿಕೊಂಡು ಒಳಗೆ ಹೋಗುವುದು. ಒಂದು ಸೋಮವಾರ ನನ್ನನ್ನು ನಿಲ್ಲಿಸಿದಳು.

"ನಿನ್ನ ಮೇಸ್ತ್ರಿ ಕೈಲಿ ನಾಲ್ಕು ಗಂಟೆಗೆ ಲೋಟ ನಿಲ್ಲಲ್ಲ ಕಣಪ್ಪ. ನಿನ್ನೆ ಟೀ ಎಲ್ಲ ಎದೆ ಮೇಲೆ ಚೆಲ್ಕೊಂಡ್ರು. ಪುಸ್ತಕದಲ್ಲಿ ಹಾಕ್ಕೊ."

"ಬೆಳಗ್ಗೆ ಹದಿನೈದು ಹೆಜ್ಜೆ ನಡೆದಿದ್ದಾರೆ ಇವತ್ತು."

"ನಡೆದಿರ್ಬೋದು. ನಾ ಕಂಡಿದ್ದು ಹೇಳ್ದೆ."

"ನೋಡಮ್ಮ, ನಾನು ನನ್ನ ಕಣ್ಣಲ್ಲಿ ನೋಡಿದ್ದು ಮಾತ್ರ ಬರೆಯೋದು. ಇನ್ನೊಬ್ರು ಹೇಳಿದ್ದನ್ನ ಬರೆದ್ರೆ ಅದು ಅಳತೆ ಅಲ್ಲ, ಕಥೆ."

ಅವಳು ಒಳಗೆ ಹೋದಳು. ಮಾರನೇ ದಿನ ಮತ್ತೆ ಹೇಳಿದಳು, ಈ ಸಲ ನಿಲ್ಲದೆ, ನಡೆಯುತ್ತಲೇ: "ಮಗ್ಗುಲು ತಿರುಗ್ಸೋಕೆ ಇಬ್ರು ಬೇಕಾಗ್ತಾರೆ ಸಂಜೆ. ನಿನ್ನ ಪುಸ್ತಕಕ್ಕೆ ಕಿವಿ ಇದ್ರೆ ಹೇಳು ಅದಕ್ಕೆ." ನಾನು ನಕ್ಕೆ. ಓದು ಬರಹ ಬಾರದವಳು, ಒಂದೇ ಮಂಚದ ಮುಂದೆ ಅಳುತ್ತಾ ಕೂತು ಎಲ್ಲವನ್ನೂ ದೊಡ್ಡದು ಮಾಡುತ್ತಾಳೆ ಅಂದುಕೊಂಡೆ. ಅವಳು ಅತ್ತಿದ್ದನ್ನು ನಾನು ಒಂದು ದಿನವೂ ನೋಡಿರಲಿಲ್ಲ. ಆದರೂ ಹಾಗೆ ಅಂದುಕೊಂಡೆ.

ಅದರ ಮಾರನೇ ದಿನ ಬುಧವಾರ. ಬೀಗರು ಬರುವ ಗುರುವಾರಕ್ಕೆ ಇನ್ನು ಎಂಟು ದಿನ. ಮೇಸ್ತ್ರಿಯ ಹೆಂಡತಿ ಬಂದಿದ್ದರು. ಡಾಕ್ಟರು ಮಂಚದ ಕಾಲ ಹತ್ತಿರ ನಿಂತು ಪುಸ್ತಕ ನೋಡಿದರು. ಆಮೇಲೆ ಜಗಲಿಗೆ ಬಂದು ಸಿಸ್ಟರಿಗೆ ಹೇಳಿದರು, "ಕಣ್ಣು ಸ್ವಲ್ಪ ಹಳದಿ ಕಾಣ್ತಿದೆ. ಆದ್ರೆ ಇದು ನೋಡಿದ್ರೆ ತಡ್ಕೊಂಡಿದ್ದಾರೆ."

ಸಿಸ್ಟರ್ ಒಪ್ಪಲಿಲ್ಲ. "ನಂಗೆ ಈ ವಾರವೇ ಕಳಿಸಿದ್ರೆ ಒಳ್ಳೇದು ಅನ್ಸುತ್ತೆ ಡಾಕ್ಟರ್."

ಹೆಂಡತಿ ಸೆರಗು ಬಾಯಿಗೆ ಇಟ್ಟುಕೊಂಡು ನಿಂತಿದ್ದರು. "ಗುರುವಾರದ ತನಕ ಆಗಲ್ವಾ ಸಾರ್? ಎಂಟು ದಿನ. ಆಗಲ್ಲ ಅಂದ್ರೆ ಹೇಳ್ಬಿಡಿ, ನಾನು ಏನಾದ್ರೂ ದಾರಿ ಮಾಡ್ಕೋತೀನಿ."

ಡಾಕ್ಟರು ನನ್ನ ಕಡೆ ತಿರುಗಿದರು. "ಏನ್ರೀ, ದಿನಾ ನೋಡೋರು ನೀವು. ಹೇಗೆ?"

ಆಸ್ಪತ್ರೆಯ ಡಾಕ್ಟರು ಏಳನೇ ಕ್ಲಾಸಿನವನನ್ನು ಕೇಳುತ್ತಿದ್ದಾರೆ. ಜಗಲಿಯಲ್ಲಿ ಎಲ್ಲರೂ ನನ್ನ ಬಾಯಿ ನೋಡುತ್ತಿದ್ದಾರೆ. ನಾನು ಪುಸ್ತಕ ತೆಗೆದು ಬೆರಳಿಟ್ಟು ತೋರಿಸಿದೆ. "ಇವತ್ತು ಹದಿನಾಲ್ಕು ಸಾರ್. ಎರಡು ದಿನಕ್ಕೆ ಒಂದು ಇಳೀತಿದೆ. ಎಂಟು ದಿನಕ್ಕೆ ನಾಲ್ಕು. ಗುರುವಾರ ಹತ್ತು ಇರುತ್ತೆ. ಬೇಕಾಗಿರೋದು ಎಂಟು. ಆಗುತ್ತೆ."

ಆಯಾ ಹೇಳಿದ ಮಾತು ಆ ಹೊತ್ತಿನಲ್ಲಿ ನನಗೆ ನೆನಪಿಗೆ ಬರಲಿಲ್ಲ ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ನೆನಪಿಗೆ ಬಂದಿತ್ತು. ಪುಸ್ತಕದಲ್ಲಿ ಇಲ್ಲದ್ದನ್ನು ಡಾಕ್ಟರ ಮುಂದೆ ಆಡಲು ಇಷ್ಟವಾಗಲಿಲ್ಲ.

ಹೆಂಡತಿ ನನಗೆ ಕೈ ಮುಗಿದು ಬಸ್ಸಿಗೆ ಹೋದರು. ಒಳಗೆ ಹೋದಾಗ ಮೇಸ್ತ್ರಿ ನನ್ನನ್ನೇ ನೋಡುತ್ತಿದ್ದರು. "ಪಾಸ್ ಮಾಡ್ದೆಯಾ ನನ್ನ?" ಅಂದರು. "ಮಾಡ್ದೆ," ಅಂದೆ. ಅವರು ಕಣ್ಣು ಮುಚ್ಚಿಕೊಂಡರು. ಆ ಮುಖದಲ್ಲಿ ಸಮಾಧಾನ ಇತ್ತು ಅಂತ ಅವತ್ತು ಅನ್ನಿಸಿತ್ತು.

ಮುಂದಿನ ದಿನಗಳಲ್ಲಿ ಅಂಕಿ ನಾನು ಹೇಳಿದ ಹಾಗೇ ಬಂತು. ಹದಿನಾಲ್ಕು, ಹದಿಮೂರು, ಹದಿಮೂರು, ಹನ್ನೆರಡು, ಹನ್ನೆರಡು. ಆದರೆ ಬೇರೆ ಏನೋ ಬದಲಾಗಿತ್ತು. ಮೇಸ್ತ್ರಿ ಮೀಟರಿನ ಮಾತು ಬಿಟ್ಟರು. ನಾನು ಒಳಗೆ ಬರುವುದಕ್ಕೆ ಮುಂಚೆಯೇ ಕಾಲು ಕೆಳಗೆ ಬಿಟ್ಟುಕೊಂಡು, ಎರಡು ಕೈಯಲ್ಲೂ ಮಂಚದ ಪಟ್ಟಿ ಹಿಡಿದು ಕೂತಿರುತ್ತಿದ್ದರು. ಹಣೆಯ ಮೇಲೆ ಬೆವರು. ನಡೆಯುವಾಗ ತುಟಿ ಕಚ್ಚಿಕೊಳ್ಳುತ್ತಿದ್ದರು. ಗೀಟಿನ ಮೇಲೆ ಒಂದೊಂದೇ ಕಾಲು ಇಟ್ಟು, ಹಿಮ್ಮಡಿ ಊರಿ, ನನ್ನ ಮುಖ ನೋಡಿ, ನಾನು ತಲೆ ಆಡಿಸಿದ ಮೇಲೆ ಮುಂದಿನದು. ವಾಪಸ್ ಮಂಚಕ್ಕೆ ಬಂದು ಬಿದ್ದರೆ ಉಸಿರಿನ ಸದ್ದು ಬಾಗಿಲಿನವರೆಗೆ ಕೇಳುತ್ತಿತ್ತು. ಇದೂ ಕಣ್ಣಲ್ಲಿ ನೋಡಿದ್ದೇ. ಆದರೆ ಇದಕ್ಕೆ ಕಾಲಂ ಇರಲಿಲ್ಲ.

ಮಂಗಳವಾರ ಮಧ್ಯಾಹ್ನದ ಪಾಳಿಯ ಗಂಡಾಳು ಬರಲಿಲ್ಲ. ಸಿಸ್ಟರ್ ನನ್ನನ್ನು ಉಳಿಯಲು ಹೇಳಿದರು. ಅಲ್ಲಿಗೆ ಸೇರಿದ ಮೇಲೆ ನಾಲ್ಕು ಗಂಟೆಯ ವಾರ್ಡನ್ನು ನಾನು ನೋಡಿದ್ದು ಅದೇ ಮೊದಲು. ಬಿಸಿಲು ಹೆಂಚಿನಿಂದ ಇಳಿದು ನೆಲದ ಮೇಲೆ ಮಲಗಿತ್ತು. ಆಯಾ ಮೇಸ್ತ್ರಿಯ ಮಂಚದ ಪಕ್ಕ ಕೂತು ಬಟ್ಟೆಯ ತುದಿ ಟೀಯಲ್ಲಿ ಅದ್ದಿ ಅವರ ತುಟಿಗೆ ಹಿಂಡುತ್ತಿದ್ದಳು. ಅವರ ಕೈ ಹಾಸಿಗೆಯ ಮೇಲೆ ಯಾರೋ ಇಟ್ಟು ಮರೆತು ಹೋದ ಹಾಗೆ ಬಿದ್ದಿತ್ತು. ಕಣ್ಣು ಅರ್ಧ ತೆರೆದಿತ್ತು, ಆದರೆ ನನ್ನನ್ನು ಗುರುತಿಸಲಿಲ್ಲ. ಆರು ಗಂಟೆ ಹಿಂದೆ ಈ ಮನುಷ್ಯ ಹನ್ನೊಂದು ಹೆಜ್ಜೆ ನಡೆದಿದ್ದಾನೆ ಅಂತ ನನ್ನ ಕೈಬರಹದಲ್ಲಿ ಇತ್ತು.

"ಯಾವತ್ತಿಂದ ಹೀಗೆ?" ಅಂದೆ.

"ಹೇಳಿದ್ನಲ್ಲಪ್ಪ," ಅಂದಳು ಆಯಾ. ದನಿಯಲ್ಲಿ ಸಿಟ್ಟಿರಲಿಲ್ಲ. "ನಿನ್ನ ಹತ್ತು ಗಂಟೆಗೋಸ್ಕರ ಇಡೀ ದಿನ ಕೂಡಿಡ್ತಾರೆ. ಅಲುಗಾಡಲ್ಲ. ಊಟಕ್ಕೆ ಕೈ ಎತ್ತಲ್ಲ, ದಂಡ ಆಗುತ್ತೆ ಅಂತಾರೆ. ಉಚ್ಚೆಗೂ ಏಳಲ್ಲ. ನಡೆಯದೆ ಇದ್ರೆ ನೀನು ಬರ್ಕೊಂಡು ಬಿಡ್ತೀಯ, ಆಮೇಲೆ ಮನೆಗೆ ಕಳಿಸಲ್ಲ ಅಂತ ಭಯ ಅವ್ರಿಗೆ."

ಲೇತ್ ಮೇಲೆ ತಿರುಗುವ ಕಬ್ಬಿಣದ ತುಂಡು, ನಮ್ಮ ಮಾತಲ್ಲಿ ಜಾಬ್, ಬಿಸಿಯಾಗಿರುವಾಗ ಹಿಗ್ಗಿರುತ್ತದೆ. ಆಗ ಅಳೆದರೆ ಅಳತೆ ಸರಿಯಾಗಿಯೇ ಬರುತ್ತದೆ. ತಣ್ಣಗಾದ ಮೇಲೆ ಅದೇ ಜಾಬ್ ಸಣ್ಣದಾಗಿ ರಿಜೆಕ್ಟ್. ಕೆಲಸಕ್ಕೆ ಸೇರಿದ ಮೊದಲನೇ ವಾರ ಕಲಿಸುವ ಪಾಠ ಇದು, ಬಿಸಿ ಜಾಬ್ ಅಳೀಬೇಡ. ಒಂಬತ್ತು ಗಂಟೆಯ ಔಷಧಿ ಮೈಗೆ ಏರಿ, ಕಾಫಿ ಒಳಗೆ ಹೋಗಿ, ಹಠ ತುದಿಗೆ ಬಂದು ನಿಂತ ಹೊತ್ತಿಗೆ ಸರಿಯಾಗಿ ನಾನು ದಿನಾ ಹೋಗಿ ಅಳೆದಿದ್ದೆ. ಹದಿನಾಲ್ಕು ವರ್ಷದ ಕೆಲಸಗಾರ.

ಸಿಸ್ಟರಿಗೆ ಹೋಗಿ ಹೇಳಿದೆ. ಅವರು ಬಂದು ನಾಡಿ ಹಿಡಿದು ನೋಡಿದರು, ಕಾಲಿನ ಬೆರಳು ಮುಟ್ಟಿ ನೋಡಿದರು. "ನಾಳೆ ಬೆಳಗ್ಗೆ. ಗುರುವಾರಕ್ಕೆ ಕಾಯೋ ಹಾಗಿಲ್ಲ," ಅಂದರು. "ಮನೆಯವರಿಗೆ ನೀವೇ ಹೋಗಿ ಹೇಳಿ." ನೀವೇ ಅನ್ನುವುದನ್ನು ಒತ್ತಿ ಹೇಳಿದರೋ ಇಲ್ಲವೋ, ನನಗೆ ಹಾಗೆ ಕೇಳಿಸಿತು.

ಅತ್ತಿಗುಪ್ಪೆಗೆ ಸೈಕಲ್ ತುಳಿದೆ. ಅವರ ಬೀದಿಗೆ ಇನ್ನೂ ಟಾರ್ ಬಿದ್ದಿರಲಿಲ್ಲ. ಮನೆ ಚಿಕ್ಕದು, ಆದರೆ ಗೋಡೆಯ ಮೂಲೆಗಳು ಚಾಕುವಿನಲ್ಲಿ ಕತ್ತರಿಸಿದ ಹಾಗೆ. ಒಳಗಿಂದ ಸಾಂಬ್ರಾಣಿ ವಾಸನೆ. ಮೇಸ್ತ್ರಿಯ ಹೆಂಡತಿ ನನ್ನನ್ನು ಕಂಡ ಕೂಡಲೇ ಕೈಯಲ್ಲಿದ್ದ ಮೊರ ಕೆಳಗಿಟ್ಟರು.

"ಹೋಗ್ಬಿಟ್ರಾ?"

"ಇಲ್ಲಮ್ಮ, ಇದ್ದಾರೆ. ನಾಳೆನೇ ಕರ್ಕೊಂಡು ಬರ್ಬೇಕು. ಗುರುವಾರದ ತನಕ ಆಗಲ್ಲ."

"ನೀವು ಆಗುತ್ತೆ ಅಂದಿದ್ರಲ್ಲ?"

ನಾನು ಸೈಕಲ್ಲನ್ನು ಗೋಡೆಗೆ ಒರಗಿಸಿದೆ.

"ನಡೀತಾರಾ?"

ಒಳಗಿನ ರೂಮಿನಿಂದ ಮಗಳ ದನಿ ಬಂತು. ಅವಳ ಮುಖ ನನಗೆ ಕಾಣಲಿಲ್ಲ. "ಅಮ್ಮ, ಅವರ ಹತ್ರ ಏನು ಕೇಳ್ತಾ ನಿಂತಿದೀಯ? ಅಪ್ಪನ್ನ ಕರ್ಕೊಂಡು ಬಾ. ಮಗೂನ ಎತ್ಕೊಂಡು ಪಕ್ಕದ ಮನೆಗೆ ಹೋಗ್ತೀನಿ ನಾನು. ನಮ್ಮತ್ತೆ ಮನೆಯೋರು ಏನು ಬೇಕಾದ್ರೂ ಅಂದ್ಕೊಳ್ಳಲಿ."

ಮರುದಿನ ಬೆಳಗ್ಗೆ ಸಿಸ್ಟರ್ ಒಂಬತ್ತಕ್ಕೆ ಔಷಧಿ ಕೊಟ್ಟರು. ನಾನೇ ಕೇಳಿಕೊಂಡಿದ್ದೆ, ಹತ್ತು ಗಂಟೆಗೆ ಸರಿಯಾಗಿ ಮನೆ ಮುಂದೆ ಇರೋಣ, ಅದು ಅವರ ಒಳ್ಳೆ ಹೊತ್ತು ಅಂತ. ಹತ್ತು ಗಂಟೆಯ ಆ ಬಿಸಿಯನ್ನು ಒಂದು ಸಲವಾದರೂ ಅವರ ಕೆಲಸಕ್ಕೆ ಬಳಸೋಣ ಅಂತ. ಬಾಡಿಗೆ ಮೆಟಡಾರ್‌ನಲ್ಲಿ ಹಾಸಿಗೆ ಹಾಕಿ ಮಲಗಿಸಿದೆವು. ಆಯಾ ತನ್ನ ಪಾಳಿ ಅಲ್ಲದಿದ್ದರೂ ಬಂದು ಅವರ ತಲೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ನಾಯಂಡಹಳ್ಳಿ ಹತ್ತಿರ ಮೇಸ್ತ್ರಿ ಕಣ್ಣು ಬಿಟ್ಟು "ಎಲ್ಲಿದೀವಿ" ಅಂದರು. ಹೇಳಿದೆ. "ನಿಧಾನಕ್ಕೆ ಓಡ್ಸೋಕೆ ಹೇಳು, ಕಾಲು ಮರಗಟ್ಟುತ್ತೆ," ಅಂದರು.

ಗಾಡಿ ನಿಂತಿತು. ಹಿಂದಿನ ಬಾಗಿಲು ತೆಗೆದು ಅವರನ್ನು ಅಂಚಿನಲ್ಲಿ ಕೂರಿಸಿದೆವು. ಅಲ್ಲಿಂದ ಹೊಸ್ತಿಲು ಕಾಣುತ್ತಿತ್ತು. ಎಂಟೇ ಹೆಜ್ಜೆ, ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಹೆಂಡತಿ ಬಾಗಿಲಲ್ಲಿ ನಿಂತಿದ್ದರು. ಬೀದಿಯಲ್ಲಿ ನಾಲ್ಕೈದು ಜನ. ಮೇಸ್ತ್ರಿ ಎರಡು ಕೈಯಲ್ಲೂ ಗಾಡಿಯ ತಗಡು ಹಿಡಿದು, ಕಾಲು ಮಣ್ಣಿಗೆ ಇಟ್ಟು ಎದ್ದರು. ಎದ್ದರು ಅಂದರೆ ಸೊಂಟ ಒಂದು ಗೇಣು ಮೇಲೆ ಬಂತು. ಮಂಡಿ ಮಡಿಸಿಹೋಯಿತು. ನಾನು ಕಂಕುಳಿಗೆ ಕೈ ಕೊಟ್ಟು ತಡೆದೆ. ಮತ್ತೆ ಎದ್ದರು. ಮತ್ತೆ ಹಾಗೇ. ಮೂರನೇ ಸಲ ಏಳಲಿಲ್ಲ.

"ಇವತ್ತು ಬರ್ಕೋಬೇಡ," ಅಂದರು.

ನಾನು ಅವರ ಮುಂದೆ ಕುಕ್ಕರಗಾಲಲ್ಲಿ ಕೂತು ಬೆನ್ನು ಕೊಟ್ಟೆ. ಆಯಾ ಅವರ ಕೈಗಳನ್ನು ನನ್ನ ಕೊರಳಿಗೆ ಹಾಕಿದಳು. ಮಕ್ಕಳನ್ನು ಉಪ್ಪಿನಮೂಟೆ ಹೊರುವ ಹಾಗೆ ಹೊತ್ತುಕೊಂಡು ಎದ್ದೆ. ಭಾರವೇ ಇರಲಿಲ್ಲ, ಅದು ಇನ್ನೂ ಕಷ್ಟವಾಯಿತು. ನಾಲ್ಕನೇ ಹೆಜ್ಜೆಗೆ ಎದುರು ಮನೆಯ ಬಾಗಿಲು ಹಾಕಿದ ಸದ್ದು ಕೇಳಿತು. ಬೆನ್ನ ಮೇಲಿದ್ದ ಮೈ ಒಂದು ಸಲ ಬಿಗಿಯಾಯಿತು, ಅಷ್ಟೇ. ಹೊಸ್ತಿಲ ಹತ್ತಿರ "ಇಳ್ಸು" ಅಂದರು. ಇಳಿಸಿ ಹಿಡಿದುಕೊಂಡೆ. ಪಾದ ಹೊಸ್ತಿಲಿಗೆ ತಾಗಿತು. ಅದನ್ನು ಎತ್ತಿ ಆಚೆ ಇಡಲು ಆಗಲಿಲ್ಲ. ಹೆಂಡತಿ ಮುಖ ಬೇರೆ ಕಡೆ ತಿರುಗಿಸಿದರು. ಕೊನೆಗೆ ಮೇಸ್ತ್ರಿ "ಸರಿ, ಎತ್ಕೊ," ಅಂದರು. ಎತ್ತಿಕೊಂಡು ಒಳಗೆ ಹೋಗಿ ಚಾಪೆಯ ಮೇಲೆ ಮಲಗಿಸಿದೆ.

ಅವತ್ತು ಮಧ್ಯಾಹ್ನದ ಮೇಲೆ ಅವರಿಗೆ ಎಚ್ಚರ ಆಗಲಿಲ್ಲ ಅಂತ ಆಮೇಲೆ ತಿಳಿಯಿತು. ಶುಕ್ರವಾರ ಬೆಳಗ್ಗೆ ಹೋದರು. ಗುರುವಾರ ಬಂದ ಬೀಗರು ಬಾಗಿಲಲ್ಲೇ ವಿಷಯ ಕೇಳಿ, ಆಷಾಢ ಕಳೆದ ಮೇಲೆ ನೋಡೋಣ ಅಂತ ವಾಪಸ್ ಹೋಗಿದ್ದರಂತೆ.

ಡಾಕ್ಟರು ಶನಿವಾರ ಬಂದಾಗ, ಈ ಕಾಯಿಲೆ ಕೊನೆಗೆ ಹೀಗೇ, ಒಂದೇ ಸಲ ಇಳಿಸಿಬಿಡುತ್ತೆ, ಯಾರಿಗೂ ಹೇಳೋಕಾಗಲ್ಲ ಅಂದರು. ನನ್ನ ಸಮಾಧಾನಕ್ಕೆ ಅಂದದ್ದು. ಸೋಮವಾರ ಸಿಸ್ಟರ್ ಸ್ಕೇಲ್ ತಂದು ಪ್ರತಿ ಕಾಲಂನ ನಡುವೆ ಇನ್ನೊಂದು ಗೆರೆ ಎಳೆದರು, ಬೆಳಗ್ಗೆ ಹತ್ತಕ್ಕೆ ಒಂದು, ಸಂಜೆ ನಾಲ್ಕಕ್ಕೆ ಒಂದು. ನಾಲ್ಕರದ್ದನ್ನು ಆಯಾ ಬಾಯಲ್ಲಿ ಹೇಳುವುದು, ಮಾರನೇ ದಿನ ಬೆಳಗ್ಗೆ ನಾನು ಬರೆಯುವುದು. ಒಂದೇ ಹೆಸರಿನ ಎರಡು ಬೇರೆ ಬೇರೆ ರೋಗಿಗಳ ಹಾಗೆ ಕಾಣುತ್ತಿದ್ದವು ಆ ಎರಡು ಕಾಲಂಗಳು.

ಒಂದು ತಿಂಗಳ ಮೇಲೆ ಮೇಸ್ತ್ರಿಯ ಹೆಂಡತಿ ಬಂದರು. ನಮ್ಮ ಬೆಡ್‌ಶೀಟ್ ಮೇಸ್ತ್ರಿಯ ಜೊತೆ ಮನೆಗೆ ಹೋಗಿತ್ತು. ಒಗೆದು, ಮಡಿಸಿ, ಪೇಪರಲ್ಲಿ ಸುತ್ತಿ ತಂದಿದ್ದರು. ಜಗಲಿಯಲ್ಲಿ ಕೂತು ನೀರು ಕುಡಿದು, "ಅವರ ಪುಸ್ತಕ ನೋಡ್ಬೋದಾ?" ಅಂದರು. ತಂದುಕೊಟ್ಟೆ. ಅವರಿಗೆ ಓದು ಬರುತ್ತಿತ್ತು. ಅಂಕಿಗಳ ಮೇಲೆ ಬೆರಳು ಮೇಲಿನಿಂದ ಕೆಳಗೆ ಜಾರಿತು.

"ಮಂಗಳವಾರ ಹನ್ನೊಂದು ಅಂತಿದೆ. ಬುಧವಾರ ನಿಂತ್ಕೊಳ್ಳೋಕೂ ಆಗ್ಲಿಲ್ಲ. ಒಂದೇ ದಿನಕ್ಕೆ ಹಂಗಾಗುತ್ತಾ?"

ಡಾಕ್ಟರು ಅಂದ ಮಾತು ನನ್ನ ನಾಲಗೆಯ ತುದಿಯಲ್ಲೇ ಇತ್ತು. ಅದನ್ನು ಹೇಳಿದ್ದರೆ ಅವರು ನಂಬುತ್ತಿದ್ದರು. ಹಣೆಬರಹ ಅಂತ ಎದ್ದು ಹೋಗುತ್ತಿದ್ದರು.

"ಇಲ್ಲಮ್ಮ," ಅಂದೆ. "ಒಂದೇ ದಿನಕ್ಕೆ ಆಗಿದ್ದಲ್ಲ. ಸಂಜೆ ಹೊತ್ತು ಅವರಿಗೆ ಕೈ ಎತ್ತೋಕೂ ಆಗ್ತಿರ್ಲಿಲ್ಲ. ಬಹಳ ದಿನದಿಂದ. ಬೆಳಗ್ಗೆ ಹೊತ್ತು ನನ್ನೆದುರು 'ಪಾಸ್' ಆಗೋಕೆ ಮಾತ್ರ ನಡೀತಿದ್ರು. ಆಯಾ ನಂಗೆ ಎರಡು ಸಲ ಹೇಳಿದ್ಲು. ನಾನು ಬರ್ಕೊಳ್ಲಿಲ್ಲ."

"ಯಾವತ್ತು ಹೇಳಿದ್ದು?"

"ಡಾಕ್ಟರು ನನ್ನ ಕೇಳಿದ್ರಲ್ಲ, ನೀವೂ ಇದ್ರಿ. ಅದರ ಹಿಂದಿನ ಎರಡು ದಿನ."

ಅವರು ಆ ಬುಧವಾರದ ಸಾಲನ್ನು ಹುಡುಕಿ ಬೆರಳು ಇಟ್ಟರು. ಹದಿನಾಲ್ಕು.

"ಪಕ್ಕದ ಮನೆಯೋಳು ರೂಮ್ ಕೊಡ್ತೀನಿ ಅಂತ ಆಗಲೇ ಹೇಳಿದ್ಲು," ಅಂದರು. "ಮಗಳನ್ನ ಅವತ್ತು ಸಾಯಂಕಾಲವೇ ಅಲ್ಲಿಗೆ ಕಳಿಸ್ಬೋದಾಗಿತ್ತು. ನೀವು ಆಗುತ್ತೆ ಅಂದ್ರಿ, ಅದಕ್ಕೆ ಬೇಡ ಅಂದ್ಬಿಟ್ಟೆ."

"ಹೌದಮ್ಮ. ನಾನು ಅಂದೆ."

ಅವರು ಪುಸ್ತಕ ಮುಚ್ಚಿ ನನ್ನ ಕೈಗೆ ಕೊಡದೆ ಬೆಂಚಿನ ಮೇಲೆ ಇಟ್ಟರು. ಬೆಡ್‌ಶೀಟ್ ಸುತ್ತಿದ ಪೇಪರನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡು ಎದ್ದರು. ಆಯಾ ಎಲ್ಲಿದ್ದಾಳೆ ಅಂತ ಕೇಳಿದರು. ಒಂದು ಗಂಟೆಗೆ ಬರ್ತಾಳೆ ಅಂದೆ. ಆಗ ಇನ್ನೂ ಹನ್ನೊಂದು. ಕಾಯ್ತೀನಿ ಅಂತ ಹೇಳಿ, ನಾನು ಇದ್ದ ಜಗಲಿ ಬಿಟ್ಟು, ಬಿಸಿಲಲ್ಲಿ ಗೇಟಿನ ಹತ್ತಿರ ಹೋಗಿ ನಿಂತುಕೊಂಡರು.